ಅತ್ತೆಯ ಹ್ಯಾಮರ್ ಔಟ್

ನಮ್ಮ ಸೋದರತ್ತೆ ಊರಿನ ಎಷ್ಟೋ ಜಗಳಗಳನ್ನು ಸುತ್ತಿಗೆಯಿಂದ ಬಗೆಹರಿಸಿದ್ದಾಳೆ ಎಂದರೆ ನೀವು ಗಾಬರಿಯಾಗುತ್ತೀರಿ. ಆಗಿರಿ! ಮನೆಯವರಾದ ನಾವೇ ಇಷ್ಟು ವರ್ಷ ಗಾಬರಿಯಾಗುತ್ತ ಬಂದಿದ್ದೇವೆ, ನಿಮಗೇನು ವಿನಾಯಿತಿ?

ಹಾಗಂತ ಅವಳ ಕೈಯಲ್ಲಿ ನಿಜವಾದ ಸುತ್ತಿಗೆಯನ್ನು ಯಾರೂ ಕಂಡವರಿಲ್ಲ. ಗೋಡೆಗೊಂದು ಮೊಳೆ ಹೊಡೆಯಬೇಕೆಂದರೂ ನನ್ನನ್ನೇ ಕರೆಯುತ್ತಾಳೆ. ಅವಳ ಸುತ್ತಿಗೆ ಇರುವುದು ಇಂಗ್ಲಿಷಿನಲ್ಲಿ. ಸಿಂದಗಿ ಕಡೆಯ ಹೈಸ್ಕೂಲೊಂದರಲ್ಲಿ ಇಂಗ್ಲಿಷ್ ಕಲಿಸಿ ನಿವೃತ್ತಳಾದ ಅತ್ತೆಗೆ ಫ್ರೇಸಲ್ ವರ್ಬ್ ಎಂದರೆ ಪ್ರಾಣ. ಕ್ರಿಯಾಪದದ ಬಾಲಕ್ಕೆ ಔಟ್, ಅಪ್, ಆಫ್ ಎಂದು ಏನಾದರೊಂದು ಕಟ್ಟಿದ ಕೂಡಲೇ ಅರ್ಥವೇ ಬದಲಾಗಿಬಿಡುತ್ತದಲ್ಲ, ಅವು. ಅವುಗಳಲ್ಲೆಲ್ಲ ಅವಳ ಪಟ್ಟದ ರಾಣಿ ‘ಹ್ಯಾಮರ್ ಔಟ್’. ಎರಡು ಕಡೆಯವರು ಎದುರುಬದುರು ಕೂತು, ವಾದ ಮಾಡಿ, ಸಿಟ್ಟಾಗಿ, ಮತ್ತೆ ಮಾತಾಡಿ, ಕೊನೆಗೊಂದು ಒಪ್ಪಂದಕ್ಕೆ ಬರುವುದು ಎಂದು ಅದರ ಅರ್ಥ. ಬಡಿಯುವುದು ಮಾತನ್ನು, ಮನುಷ್ಯರನ್ನಲ್ಲ. ಎಷ್ಟು ಬಿಡಿಸಿ ಹೇಳಿದರೂ ಕೇಳಿದವರು ಮೊದಲು ಅವಳ ಕೈ ಕಡೆಗೇ ನೋಡುತ್ತಾರೆ!

ಅವಳು ಪಾಠ ಮಾಡುತ್ತಿದ್ದ ರೀತಿಯೂ ಸರಳ. ಪದದ ಅರ್ಥ ಹೇಳುವುದು, ‘ಈಗ ವಾಕ್ಯದಾಗ ಬಳಸ್ರಿ’ ಅನ್ನುವುದು. ಒಮ್ಮೆ ಹುಡುಗಿಯೊಬ್ಬಳು ಎದ್ದು ನಿಂತು, “ನಮ್ಮಪ್ಪ ನಮ್ಮವ್ವಗ ದಿನಾ ಹ್ಯಾಮರ್ ಔಟ್ ಮಾಡ್ತಾನ್ರಿ ಟೀಚರ್” ಅಂದಳಂತೆ. ತರಗತಿಯೆಲ್ಲ ಗೊಳ್ಳೆಂದಿತು. ಅತ್ತೆ ನಗಲಿಲ್ಲ.

“ವಾಕ್ಯ ತಪ್ಪೈತಿ. ಸುದ್ದಿ ಖರೇನ?”

ಹುಡುಗಿ ತಲೆ ತಗ್ಗಿಸಿದಳು. ಅದೇ ಸಂಜೆ ಅತ್ತೆ ಅವರ ಮನೆಗೆ ಹೋಗಿ, ಆ ಅಪ್ಪನನ್ನು ಕಟ್ಟೆಯ ಮೇಲೆ ಕೂಡಿಸಿ, ಎದುರಿಗೆ ಅವನ ಹೆಂಡತಿಯನ್ನೂ ಕೂಡಿಸಿ ವ್ಯಾಕರಣ ತಿದ್ದಿದಳು. ಎಂಥ ವ್ಯಾಕರಣ ಅಂತೀರಿ! ಆ ಪುಣ್ಯಾತ್ಮ ಇವತ್ತಿಗೂ ಸಿಂದಗಿಯ ಬಜಾರಿನಲ್ಲಿ ಅತ್ತೆಯನ್ನು ಕಂಡರೆ ಸೈಕಲ್ಲಿನಿಂದ ಇಳಿದು ನಿಲ್ಲುತ್ತಾನೆ.

ನಿವೃತ್ತಿಯಾದ ಮೇಲೆ ಅವಳು ಇಂಡಿ ಪಟ್ಟಣದ ನಮ್ಮ ಮನೆಗೆ ಬಂದಳು. ಲಗ್ನವಾಗಿರಲಿಲ್ಲ, ಅಣ್ಣನ ಮನೆಯೇ ಅವಳ ಮನೆ. ಬಂದ ಹೊಸದರಲ್ಲೇ ನಮ್ಮ ಎಡಗಡೆಯ ಮನೆಯವರಿಗೂ ಬಲಗಡೆಯ ಮನೆಯವರಿಗೂ ಒಂದು ನುಗ್ಗೆಮರದ ಸಲುವಾಗಿ ಜಗಳ ಹತ್ತಿತು. ಕಾಯಿ ನಮಗೆ ಬೇಕು ಎಂದು ಇವರು, ನಮಗೆ ಬೇಕು ಎಂದು ಅವರು. ಅತ್ತೆ ಕುರ್ಚಿ ಹಾಕಿಸಿ ಎರಡೂ ಮನೆಯವರನ್ನು ಮರದ ಕೆಳಗೆ ಕೂಡಿಸಿದಳು. ಮಧ್ಯಾಹ್ನದ ಊಟವನ್ನೂ ಮರೆತು ಮಾತಾಡಿ ಒಪ್ಪಂದ ಮಾಡಿಸಿಯೇಬಿಟ್ಟಳು. ಕಾಯಿ ಎಡಗಡೆಯವರಿಗೆ, ಸೊಪ್ಪು ಮತ್ತು ಹೂವು ಬಲಗಡೆಯವರಿಗೆ. ಎರಡೂ ಕಡೆಯವರು ಖುಷಿಯಿಂದ ಕೈಮುಗಿದು ಹೋದರು. ಅಪ್ಪ ಮಾತ್ರ ಬಾಗಿಲಲ್ಲಿ ಬಾಯಿ ತೆರೆದು ನಿಂತಿದ್ದ.

“ತಂಗಿ, ಆ ಗಿಡ ನಮ್ದವಾ!”

“ನೀ ಮಾತಾಡಾಕ ಬಂದು ಕೂತಿದ್ಯೇನು?” ಎಂದು ಅತ್ತೆ ಕುರ್ಚಿ ಎತ್ತಿಕೊಂಡು ಒಳಗೆ ನಡೆದಳು.

ಇಂಥವಳನ್ನು ನನ್ನ ತಂಗಿಯ ಲಗ್ನದ ಮಾತುಕತೆಯಲ್ಲಿ ಕೂಡಿಸಬೇಕೋ ಬೇಡವೋ? ಬೇಡ ಎಂದು ಅಪ್ಪ ನಿರ್ಧರಿಸಿದ್ದ. ನಿರ್ಧರಿಸಿದರೆ ಆಯಿತೇ? ಹೂವಿನ ಹಿಪ್ಪರಗಿಯಿಂದ ಗಂಡಿನ ಕಡೆಯವರು ಬಂದಿಳಿದಾಗ ಅತ್ತೆ ಇಸ್ತ್ರಿ ಸೀರೆ ಉಟ್ಟು, ಪಡಸಾಲೆಯ ಬಾಗಿಲ ಪಕ್ಕದ ಕುರ್ಚಿಯಲ್ಲಿ ಆಗಲೇ ಕೂತಿದ್ದಳು.

ಮೊದಲು ಎಲ್ಲ ಚೆನ್ನಾಗಿಯೇ ನಡೆಯಿತು. ಮಂಡಕ್ಕಿಯ ಸೂಸಲಾ ತಿಂದರು, ಚಹಾ ಕುಡಿದರು. ಲಗ್ನ ಎಲ್ಲಿ, ಯಾವಾಗ ಎಂಬುದೂ ಮುಗಿಯಿತು. ಆಮೇಲೆ ಹುಡುಗನ ದೊಡ್ಡಪ್ಪ ಮೀಸೆ ಒರೆಸಿಕೊಂಡು, “ಇನ್ನೊಂದು ಮಾತ್ರಿ. ಲಗ್ನ ಆದ ಮ್ಯಾಲ ಹುಡುಗಿ ನೌಕರಿ ಬಿಡಬೇಕು” ಅಂದರು.

ತಂಗಿ ಮುದ್ದೇಬಿಹಾಳದ ದವಾಖಾನೆಯೊಂದರಲ್ಲಿ ನರ್ಸು. ಆ ಕೆಲಸಕ್ಕಾಗಿ ಅವಳು ಪಟ್ಟ ಪಾಡು ಮನೆಯವರಿಗೆಲ್ಲ ಗೊತ್ತು. ಒಳಕೋಣೆಯಲ್ಲಿ ಬಳೆಯ ಸದ್ದು ಥಟ್ಟನೆ ನಿಂತಿತು. ಅಪ್ಪ ‘ಆಗಲ್ರಿ’ ಎನ್ನಲು ಬಾಯಿ ತೆರೆದ.

“ಅಣ್ಣಾ, ಬಾಯಿ ಮುಚ್ಚು!” ಎಂದಳು ಅತ್ತೆ. “ಬೀಗರ, ಇದನ್ನ ಹ್ಯಾಮರ್ ಔಟ್ ಮಾಡೂಣ್ರಿ.”

ದೊಡ್ಡಪ್ಪನ ಚಹಾದ ಕಪ್ಪು ಬಸಿಯ ಮೇಲೆ ಕುಣಿಯಿತು. “ಹ್ಯಾಮರ್ ಅಂದ್ರ ಸುತ್ತಿಗಿ ಅಲ್ಲೇನ್ರಿ? ನಾವು ಬೀಗತನ ಮಾಡಾಕ ಬಂದೇವ್ರಿ, ಹೊಡಸ್ಕೊಳ್ಳಾಕಲ್ಲ! ಏಳ್ರೋ ಎಲ್ಲಾರೂ!”

ಎಲ್ಲರೂ ಎದ್ದರು. ಅತ್ತೆಯೂ ಎದ್ದಳು. ಎದ್ದವಳು ಬಾಗಿಲು ಮುಚ್ಚಿ, ಅಗಳಿ ಹಾಕಿ, ಅದಕ್ಕೆ ಒತ್ತಿ ಕುರ್ಚಿ ಎಳೆದುಕೊಂಡು ಕೂತುಬಿಟ್ಟಳು! ಬೀಗರನ್ನು ಕೂಡಿಹಾಕಿದ ಮನೆ ಎಂದು ಊರೆಲ್ಲ ಸುದ್ದಿಯಾದರೆ ಇನ್ನು ಈ ಮನೆಗೆ ಯಾವ ಬೀಗರು ಬಂದಾರು?

“ಸಿಟ್ಟು ಬಂದ್ರ ಬೈರಿ. ಆದ್ರ ಕೂತು ಬೈರಿ” ಎಂದಳು ಅತ್ತೆ ತಣ್ಣಗೆ. “ಹುಡುಗಿನ್ನ ಕರೀರಿ. ನೌಕರಿ ಆಕಿದು. ನಾವ್ಯಾರ್ರಿ ಮಾತಾಡಾಕ?”

ತಂಗಿ ಬಂದಳು. “ನಾ ನೌಕರಿ ಬಿಡಾಂಗಿಲ್ರಿ” ಅಂದಳು. ಅತ್ತೆ ಹುಡುಗನ ಕಡೆ ತಿರುಗಿದಳು. ಬಂದಾಗಿನಿಂದ ತುಟಿ ಬಿಚ್ಚದೆ ಇದ್ದ ಅವನು ಕೆಮ್ಮಿದ.

“ಬಿಡೂದು ಬ್ಯಾಡ್ರಿ. ಪಾಳಿ ಮುಗಿದಾಗ ನಾನ ಹೋಗಿ ಕರ್ಕೊಂಡು ಬರ್ತೇನಿ. ಅಡಗೀನೂ ಬರ್ತೈತ್ರಿ ನನಗ.”

ಪಡಸಾಲೆಗೆ ಸಿಡಿಲು ಬಡಿದಂತಾಯಿತು. “ನಿನಗ ಮಾತು ಬರ್ತಾವೇನಲೇ!” ಎಂದರು ದೊಡ್ಡಪ್ಪ. ನಾವು ನಕ್ಕೆವು. ನಗಬಾರದಿತ್ತೇನೋ. ಅವರ ಮುಖ ಕೆಂಪಾಯಿತು. ಕೆಂಪಾದ ಮುಖದಲ್ಲೇ ಅತ್ತೆಯನ್ನು ಕೇಳಿದರು:

“ಇಷ್ಟೆಲ್ಲಾ ಬಗೀಹರಸ್ತೀರಲ್ರಿ ಅಕ್ಕಾರ, ನಿಮ್ಮದ್ಯಾಕ್ರಿ ಲಗ್ನ ಆಗ್ಲಿಲ್ಲ?”

ನಮ್ಮ ಮನೆಯಲ್ಲಿ ಯಾರೂ ಎಂದೂ ಕೇಳದ ಪ್ರಶ್ನೆ ಅದು. ನಗು ಎಲ್ಲಿ ಹೋಯಿತೋ ತಿಳಿಯಲಿಲ್ಲ. ಅತ್ತೆ ಸೀರೆಯ ಸೆರಗು ಸರಿ ಮಾಡಿಕೊಂಡಳು.

“ನನ್ನ ಮಾತುಕತೀನೂ ಇಂಥಾದ ಒಂದು ಪಡಸಾಲ್ಯಾಗ ನಡೀತ್ರಿ. ಅವರೂ ನೌಕರಿ ಬ್ಯಾಡ ಅಂದ್ರು. ನಮ್ಮವ್ರು ಸಿಟ್ಟಾದ್ರು, ಅವರೂ ಸಿಟ್ಟಾದ್ರು, ಎಲ್ಲಾರೂ ಎದ್ದುಬಿಟ್ರು. ಆ ಹುಡುಗ ಹೊರಗ ಹೋಗೂ ಮುಂದ ಒಮ್ಮಿ ತಿರುಗಿ ನಿಂತಿದ್ರಿ. ಏನೋ ಹೇಳಾಂವ ಇದ್ದ. ಅಷ್ಟ್ರಾಗ ಯಾರೋ ಕೈ ಹಿಡಿದು ಎಳಕೊಂಡು ಹೋದ್ರು. ಅಂವ ಏನು ಹೇಳಾಂವ ಇದ್ದ ಅಂತ ನನಗ ಇನ್ನೂ ಗೊತ್ತಿಲ್ರಿ.”

ದೊಡ್ಡಪ್ಪ ಮೆಲ್ಲಗೆ ಕೂತರು. “ಹುಡುಗೂರು ಹೆಂಗಂತಾರೋ ಹಂಗಾಗ್ಲಿ ಬಿಡ್ರಿ” ಅಂದರು. ಅಮ್ಮ ಸಕ್ಕರೆ ತರಲು ಒಳಗೆ ಓಡಿದಳು.

ಬೀಗರನ್ನು ಬಸ್ಸಿಗೆ ಹತ್ತಿಸಿ ನಾನು ಮರಳಿ ಬಂದಾಗ ಪಡಸಾಲೆಯಲ್ಲಿ ಅಣ್ಣ ತಂಗಿ ಇಬ್ಬರೇ ಇದ್ದರು. ಅಪ್ಪ, ಜಮಖಾನೆಯ ಮೇಲೆ ಕೂತಿದ್ದ ಅತ್ತೆಯ ಮುಂದೆ ನಿಂತಿದ್ದ. ಅವನ ದನಿ ಅಷ್ಟು ಸಣ್ಣಗಾಗಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

“ತಂಗೀ, ಅವತ್ತ ನಿನ್ನ ಮಾತುಕತ್ಯಾಗ ಮೊದಲ ಎದ್ದಾಂವ ನಾನ.”

“ಗೊತ್ತೈತಿ ಅಣ್ಣಾ” ಎಂದಳು ಅತ್ತೆ. ಪಕ್ಕದಲ್ಲಿ ಜಾಗ ಮಾಡಿ, ಅವನ ಕೈ ಹಿಡಿದು ಕೂಡಿಸಿಕೊಂಡಳು.