ಕಾಕಾ ಕೊಟ್ಟ ನಾಲ್ಕು, ಡಾಕ್ಟರು ಕೊಟ್ಟ ಎರಡು

ಇಡೀ ಜಗತ್ತನ್ನು ಮನೆಯ ಕಟ್ಟೆಯ ಮೇಲೆ ಕುಳಿತೇ ನಪಾಸು ಮಾಡಿದ ಮನುಷ್ಯರನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಕಾಣಬೇಕೆಂದರೆ ದುಮ್ಮವಾಡಕ್ಕೆ ಬನ್ನಿ. ಅವರು ನನ್ನ ಕಾಕಾ. ಕಲಘಟಗಿಯ ಕಾಲೇಜಿನಲ್ಲಿ ಪಾಠ ಹೇಳುವ ನಾನು ಮೂರು ವರ್ಷಗಳಿಂದ ಅವರ ಮನೆಯಲ್ಲೇ ಇದ್ದೇನೆ, ಅಂದರೆ ಮೂರು ವರ್ಷಗಳಿಂದ ಪರೀಕ್ಷಾ ಕೊಠಡಿಯಲ್ಲೇ ಇದ್ದೇನೆ!

ಕಾಕಾ ಪ್ರಾಥಮಿಕ ಶಾಲೆಯೊಂದರ ಹೆಡ್ಮಾಸ್ತರರಾಗಿದ್ದವರು. ಹತ್ತಕ್ಕೆ ಆರರ ಮೇಲೆ ಅಂಕ ಕೊಟ್ಟರೆ ಹುಡುಗರು ಓದುವುದನ್ನೇ ಬಿಡುತ್ತಾರೆ ಎಂಬುದು ಅವರ ಸಿದ್ಧಾಂತ. ನೌಕರಿಯಿಂದ ಅವರು ನಿವೃತ್ತರಾದರು, ಸಿದ್ಧಾಂತ ಆಗಲಿಲ್ಲ. ಬಸ್ಸಿನ ಡ್ರೈವರ್ ಬ್ರೇಕ್ ಹಾಕಿದ ರೀತಿಗೆ ಮೂರು. ಮದುವೆಯೂಟದ ಬದನೆಕಾಯಿ ಎಣ್ಣೆಗಾಯಿಗೆ ನಾಲ್ಕು. ನನ್ನ ಪ್ರಬಂಧಕ್ಕೆ ವಿಶ್ವವಿದ್ಯಾಲಯ ಬಹುಮಾನವನ್ನೇ ಕೊಟ್ಟಿತ್ತು. ಕಾಕಾ ಪುಟ ತಿರುವಿ ಐದು ಕೊಟ್ಟರು. ಕಾರಣ ಕೇಳಿದೆ.

"ಅಕ್ಷರ ದುಂಡಗಿಲ್ಲವ್ವಾ," ಎಂದರು.

ಕಂಪ್ಯೂಟರಿನಲ್ಲಿ ಮುದ್ರಿಸಿದ ಪ್ರಬಂಧ, ಮಹಾಶಯರೇ!

ತಮ್ಮ ಮಗಳನ್ನು ನೋಡಲು ವರ ಬಂದಾಗಲೂ ಹೀಗೆಯೇ ಆಯಿತು. ಹುಡುಗ ಹೇಗೆನ್ನಿಸಿದ ಎಂದು ಬೀಗರು ಸಂಕೋಚದಿಂದ ಕೇಳಿದರೆ, ಕಾಕಾ ಕಣ್ಣು ಮುಚ್ಚಿ ಯೋಚಿಸಿ "ಐದೂವರೆ" ಎಂದರು. ಬೀಗರ ಮುಖ ಬಿಳಿಚಿಕೊಂಡಿತು. ನಮ್ಮ ಮಂದಿ ಆಗಲೇ ಸಕ್ಕರೆ ಹಂಚತೊಡಗಿದ್ದರು!

ಇಂಥವರ ಕೈಬೆರಳುಗಳಿಗೆ ಸಂಧಿವಾತ ಬಂದರೆ ಏನಾಗಬೇಕು? ರೋಗವೂ ಪರೀಕ್ಷೆಗೆ ಕೂಡಬೇಕಾಯಿತು.

ಹುಬ್ಬಳ್ಳಿಯ ಡಾಕ್ಟರರ ಬಳಿ ಒಂದು ಹಾಳೆ ಇತ್ತು. ಅದರಲ್ಲಿ ಎರಡು ಗೆರೆ, ಎರಡರ ಮೇಲೂ ಸೊನ್ನೆಯಿಂದ ಹತ್ತರವರೆಗೆ ಅಂಕಿಗಳು. ತನ್ನ ರೋಗ ಎಷ್ಟು ಜೋರಾಗಿದೆಯೆಂದು ಒಂದರ ಮೇಲೆ ರೋಗಿ ಗುರುತು ಹಾಕಬೇಕು. ಕೀಲುಗಳನ್ನು ಒತ್ತಿ, ಬಾವು ಎಣಿಸಿ, ರಕ್ತದ ವರದಿ ನೋಡಿ ಇನ್ನೊಂದರ ಮೇಲೆ ಡಾಕ್ಟರು ಹಾಕುತ್ತಾರೆ. ಔಷಧ ಹೆಚ್ಚಿಸಬೇಕೋ ಬೇಡವೋ ಎಂಬುದಕ್ಕೆ ಆ ಅಂಕಿಗಳೂ ಸಾಕ್ಷಿ. ತಡವಾದರೆ ಬೆರಳುಗಳು ಸೊಟ್ಟಗಾಗಿ ಹಾಗೆಯೇ ಉಳಿದುಬಿಡುತ್ತವೆ ಎಂದು ಮೊದಲ ಭೇಟಿಯಲ್ಲೇ ಹೇಳಿದ್ದರು.

ಕಾಕಾ ನಾಲ್ಕು ಕೊಟ್ಟರು. ಡಾಕ್ಟರು ಎರಡು ಕೊಟ್ಟರು. ಹಳೆಯ ಔಷಧವೇ ಮುಂದುವರಿಯಿತು.

ಮನೆಗೆ ಬರುವ ದಾರಿಯುದ್ದಕ್ಕೂ ಕಾಕಾ ಸಿಡಿಮಿಡಿಗೊಂಡಿದ್ದರು. ತಮ್ಮ ಬೆರಳಿಗಾಗಿ ಅಲ್ಲ! ತಮಗಿಂತ ಬಿಗಿಯಾಗಿ ಅಂಕ ಕೊಡುವ ಮನುಷ್ಯ ಈ ಸೀಮೆಯಲ್ಲಿ ಹುಟ್ಟಿದ್ದಾನೆಂಬುದೇ ಅವರಿಗೆ ಅರಗಿರಲಿಲ್ಲ. ಮುಂದಿನ ಭೇಟಿಯಲ್ಲಿಯೂ ನಾಲ್ಕು, ಎರಡು. ಅದರ ಮುಂದಿನದರಲ್ಲಿ ಕಾಕಾ ಐದಕ್ಕೆ ಏರಿದರು. ಡಾಕ್ಟರು ಎರಡರಿಂದ ಕದಲಲಿಲ್ಲ.

ನನಗೆ ರೇಗಿತು. ಒಬ್ಬ ಮನುಷ್ಯನ ನೋವನ್ನು ಅರ್ಧಕ್ಕಿಂತ ಕಡಿಮೆಗೆ ಇಳಿಸುವ ಅಧಿಕಾರ ಇವರಿಗೆ ಯಾರು ಕೊಟ್ಟರು? ಉತ್ತರದಾಯಿತ್ವ ಎಂಬುದು ಆಸ್ಪತ್ರೆಯ ಬಾಗಿಲಿನ ಹೊರಗೆ ಚಪ್ಪಲಿಯೊಂದಿಗೆ ಬಿಟ್ಟು ಬರುವ ವಸ್ತುವೇ? ಎರಡು ಪುಟದ ದೂರು ಬರೆದು ಚೀಲದಲ್ಲಿಟ್ಟುಕೊಂಡು, ಮುಂದಿನ ಭೇಟಿಗೆ ಕಾಕಾ ಮತ್ತು ಅವರ ಹೆಂಡತಿ ಚಿಗವ್ವನ ಜೊತೆಗೆ ನಾನೂ ಹೊರಟೆ.

ಆ ಬೆಳಿಗ್ಗೆ ಕಾಕಾನ ಸಿದ್ಧತೆಯನ್ನು ಮೊದಲ ಸಲ ಪೂರ್ತಿಯಾಗಿ ನೋಡಿದೆ. ನುಣ್ಣಗೆ ಬೋಳಿಸಿದ ಗಡ್ಡ, ಗಂಜಿ ಹಾಕಿದ ಬಿಳಿ ಅಂಗಿ. ಬಿಸಿನೀರಿನಲ್ಲಿ ಅರ್ಧ ತಾಸು ಕೈ ಅದ್ದಿಟ್ಟು, ದಿನಕ್ಕೊಂದು ನುಂಗುವ ನೋವಿನ ಗುಳಿಗೆಯನ್ನು ಅಂದು ಎರಡು ನುಂಗಿದರು. ಏಕೆಂದು ಕೇಳಿದ್ದಕ್ಕೆ, ತಪಾಸಣೆಗೆ ಸಾಹೇಬರು ಬರುವ ದಿನ ಶಾಲೆ ಹೇಗಿರಬೇಕೋ ಹಾಗಿರಬೇಕೆಂದರು. ಗೋಡೆಗೆ ಸುಣ್ಣ ಬಳಿಯದೆ ಇನ್‌ಸ್ಪೆಕ್ಟರರ ಎದುರು ನಿಂತವರಲ್ಲ ಅವರು! ನಕ್ಕುಬಿಟ್ಟೆ. ನನ್ನ ತಲೆಯಲ್ಲಿ ದೂರಿನ ಎರಡನೆಯ ಪುಟ ಓಡುತ್ತಿತ್ತು.

ಒಳಗೆ ಡಾಕ್ಟರು ಕೀಲುಗಳನ್ನು ಒತ್ತಿ ಅಂದೂ ಎರಡೇ ಬರೆದರು. ನೋಡುತ್ತಿದ್ದವಳೇ ಕೇಳಿದೆ, ಈ ಎರಡು ಎಲ್ಲಿಂದ ಬಂತೆಂದು. ಅವರು ಸಿಟ್ಟಾಗಲಿಲ್ಲ. "ನನ್ನ ಕೈಗೆ ಬಾವು ಸಿಗವಲ್ದ್ರಿ. ಅವರೂ ನಾಲ್ಕು-ಐದು ಅಂತಾರ. ನಾ ಏನ್ ಮಾಡ್ಲಿ?" ಎಂದರು. ನಮ್ಮ ಮನೆಯಲ್ಲಿ ಐದು ಎಂದರೆ ಆಕಾಶ ಕಳಚಿ ಬಿದ್ದಂತೆ ಎಂದು ವಿವರಿಸಿ, ಅಳಿಯನ ಐದೂವರೆಯನ್ನು ಆಧಾರವಾಗಿ ಮಂಡಿಸಿದೆ. ಡಾಕ್ಟರಿಗೆ ನಗು ತಡೆಯಲಾಗಲಿಲ್ಲ. ಹಾಗಾದರೆ ಭುಜವನ್ನೂ ನೋಡೋಣ, ಅಂಗಿ ಬಿಚ್ಚಿರಿ ಎಂದರು.

ಕಾಕಾನ ಕೈ ಗುಂಡಿಯವರೆಗೆ ಹೋಯಿತು. ಅಲ್ಲಿಯೇ ನಿಂತಿತು.

ಮೂಲೆಯಲ್ಲಿ ಕುಳಿತಿದ್ದ ಚಿಗವ್ವ ಎದ್ದು ಬಂದಳು. ಮೇಲಿನಿಂದ ಕೆಳಗೆ ಆರೂ ಗುಂಡಿಗಳನ್ನು ಸರಸರನೆ ಬಿಚ್ಚಿದಳು. ಡಾಕ್ಟರು ಭುಜವನ್ನು ನೋಡಲಿಲ್ಲ, ಅವಳ ಬೆರಳುಗಳನ್ನು ನೋಡುತ್ತಿದ್ದರು.

"ಎಷ್ಟು ದಿನ ಆತ್ರಿ ಅವ್ವಾರ, ಹಿಂಗ?"

"ದೀಪಾವಳಿಯಿಂದ್ರಿ," ಎಂದಳು ಚಿಗವ್ವ. "ಯಾರ ಮುಂದೂ ಹೇಳಬ್ಯಾಡ ಅಂದಿದ್ರು."

ಆಗ ಯುಗಾದಿ ಹತ್ತಿರ ಬಂದಿತ್ತು. ಡಾಕ್ಟರು ಕೇಳುತ್ತ ಹೋದರು. ಬಿಸಿನೀರೂ ಹೊರಬಿತ್ತು, ಎರಡು ಗುಳಿಗೆಯೂ ಹೊರಬಿತ್ತು. ಅವರು ತಾವು ಬರೆದಿದ್ದ ಎರಡನ್ನು ಹೊಡೆದುಹಾಕಿ ಏಳು ಎಂದು ಬರೆದರು. ಇದನ್ನು ನಾನು ಮೊದಲೇ ಕೇಳಬೇಕಿತ್ತು, ತಪ್ಪು ನನ್ನದು ಎಂದೂ ಹೇಳಿದರು. ಔಷಧ ಬದಲಾಯಿತು. ಇನ್ನು ಮುಂದೆ ಹಾಸಿಗೆಯಿಂದ ಎದ್ದ ಹಾಗೆಯೇ ಬರಬೇಕೆಂದು ಆಜ್ಞೆಯಾಯಿತು.

"ಏಳು ಭಾಳ ಆತ್ರಿ ಸಾಹೇಬ್ರ," ಎಂದರು ಕಾಕಾ, ನಿಜವಾದ ಆತಂಕದಿಂದ.

ಡಾಕ್ಟರು ತಮ್ಮ ತಪ್ಪನ್ನು ಒಪ್ಪಿಕೊಂಡರು. ಹಾಗಾದರೆ ನಾನು? ದೀಪಾವಳಿಯಿಂದ ಯುಗಾದಿಯವರೆಗೆ ಒಂದೇ ಗೋಡೆಯ ಆಚೆ ಮಲಗಿದ್ದವಳು ನಾನು. ದಿನಾಲೂ ಹೊಸ್ತಿಲಲ್ಲಿ ನಿಂತು "ಕಾಕಾ, ಆರಾಮ?" ಎಂದು ಕೇಳಿ, ಉತ್ತರ ಬರುವ ಮೊದಲೇ ಬಸ್ಸಿಗೆ ಓಡಿದವಳೂ ನಾನೇ. ಆ ಹಾಳೆಯಲ್ಲಿ ಮನೆಯವರಿಗೂ ಒಂದು ಗೆರೆ ಇದ್ದಿದ್ದರೆ ನಾನು ಸೊನ್ನೆಗೆ ಗುರುತು ಹಾಕಿರುತ್ತಿದ್ದೆ. ದೂರಿನ ಹಾಳೆಗಳನ್ನು ಚೀಲದಿಂದ ತೆಗೆಯಲೇ ಇಲ್ಲ.

ಹೊಸ ಔಷಧ ನಿಧಾನಕ್ಕೆ ಹಿಡಿಯಿತು. ಮಳೆಗಾಲ ಮುಗಿಯುವ ಹೊತ್ತಿಗೆ ಕಾಕಾನ ಬೆರಳುಗಳು ಸಡಿಲವಾಗಿದ್ದವು.

ಮೊನ್ನೆ ಮುಂಜಾನೆ ಕೇಳಿ ಓಡುವ ಬದಲು ಒಳಗೇ ಹೋಗೋಣವೆಂದು ಅವರ ಕೋಣೆಯ ಬಾಗಿಲಿಗೆ ಬಂದೆ. ಕಾಕಾ ನನಗೆ ಬೆನ್ನು ಮಾಡಿ ಕನ್ನಡಿಯ ಎದುರು ನಿಂತಿದ್ದರು. ಕೆಳಗಿನಿಂದ ಒಂದೊಂದೇ ಗುಂಡಿ ಹಾಕುತ್ತ, ಮಧ್ಯೆ ದಣಿವಾರಿಸಿಕೊಳ್ಳುತ್ತ, ಆರನ್ನೂ ತಾವೇ ಹಾಕಿ ಮುಗಿಸಿದರು. ಅಷ್ಟರಲ್ಲಿ ಅಡುಗೆಮನೆಯ ಕಡೆಯಿಂದ ಬಳೆಯ ಸದ್ದು ಕೇಳಿತು. ಕಾಕಾ ಮೇಲಿನ ಎರಡು ಗುಂಡಿಗಳನ್ನು ಅವಸರದಿಂದ ಬಿಚ್ಚಿ ಕೈ ಇಳಿಬಿಟ್ಟು ನಿಂತರು.

ಚಿಗವ್ವ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಬಂದಳು. "ಇನ್ನೂ ಬರವಲ್ದೇನ್ರಿ?"

"ನಾಕು ಬಂದುವು. ಇವೆರಡು ಅಗದಿ ಹಟ ಮಾಡಾಕತ್ತಾವ."

ಅವಳು ಅವನ್ನು ಹಾಕಿದಳು, ಕಾಲರನ್ನು ಸರಿಮಾಡಿದಳು, ಅಂಗಿಯ ಮೇಲೆ ಅಂಗೈಯನ್ನು ಒಂದು ಗಳಿಗೆ ಹಾಗೇ ಇಟ್ಟಳು.

"ಮಾಡ್ಲಿ ಬಿಡ್ರಿ," ಎಂದಳು. "ನಾ ಅದೀನಲ್ಲ."