ದೇವರು ಆರಿಸಿದ ಇಪ್ಪತ್ತು ಮನೆ

ತಾಯಪ್ಪ ಒಂಬತ್ತು ಮನೆ ದಾಟಿ ಹತ್ತನೆಯದರ ಕದ ತಟ್ಟಿದ್ದೇ ತಪ್ಪಾಯಿತು.

ಬಿಟ್ಟುಹೋದ ಒಂಬತ್ತೂ ಮನೆಯವರು ಹೊಸ್ತಿಲಿಗೆ ಬಂದು ನಿಂತರು. ಪಂಕ್ತಿಯಲ್ಲಿ ಎಲೆ ಹಾಕಿ, ಅನ್ನ ಬಡಿಸದೆ ಮುಂದೆ ಹೋದವನನ್ನು ನೋಡುವ ಹಾಗೆ ನೋಡಿದರು.

“ಏನಪಾ, ನಮ್ಮನ್ಯಾಗ ಮಂದಿ ಇಲ್ಲೇನು?” ಗಾದಿಲಿಂಗಪ್ಪ ಕೇಳಿದ.

ತಾಯಪ್ಪ ಚೋರನೂರಿನವನೇ, ನೀರಿನ ಸಮೀಕ್ಷೆಗೆ ಆರು ತಿಂಗಳ ಮಟ್ಟಿಗೆ ಸೇರಿದವನು. ಇನ್ನೂರು ಮನೆಗಳಲ್ಲಿ ಹತ್ತಕ್ಕೊಂದರಂತೆ ಇಪ್ಪತ್ತನ್ನು ಆರಿಸಿ, ಆ ದಿನ ಎಷ್ಟು ಕೊಡ ನೀರು ಬಳಸಿದರೆಂದು ಬರೆದರೆ ಸಾಕು. ಸರಾಸರಿ ಹತ್ತು ಕೊಡಕ್ಕಿಂತ ಕಡಿಮೆ ಬಂದರೆ ಊರಿಗೆ ಹೊಸ ಟ್ಯಾಂಕು, ಓಣಿ ಓಣಿಗೆ ನಳ. ತನ್ನ ಕೈಯಿಂದ ಊರಿಗೆ ನೀರು ಬರಲೆಂದು ದೀಪಕ್ಕೆ ಕೈಮುಗಿದೇ ಹೊರಟಿದ್ದ.

“ಕಾಕಾ, ಅನ್ನ ಬೆಂದೈತೋ ಇಲ್ಲೋ ನೋಡಾಕ ಒಂದು ಅಗುಳು ಹಿಚುಕಿದ್ರ ಸಾಕಲ್ಲ?”

“ಹಿಚುಕು. ಆದ್ರ ಉಣ್ಣಾಕ ಎಲ್ಲಾರ್ನೂ ಕರೀಬೇಕಲೇ! ನೀ ಬರಕಂಡ ಮನಿಗಷ್ಟೇ ನಳ ಬರ್ತೈತಿ, ನಮಗ ಗೊತ್ತಿಲ್ಲೇನು?”

ಮಾತು ಬೆಳೆಯಿತು. ಒಬ್ಬಳು ಅವನ ಚೀಲ ಹಿಡಿದಳು, ಇನ್ನೊಬ್ಬಳು ಪೆನ್ನು. ಕಡೆಗೆ ಓಣಿಯ ಹಿರಿಯಳು ವಿರುಪಮ್ಮ ಕೋಲೂರಿ ಬಂದಳು.

“ಜಗಳ ಬ್ಯಾಡ. ಹನುಮಪ್ಪನ ಮುಂದ ಚೀಟಿ ಎತ್ತರಿ. ದೇವ್ರು ಬಿಟ್ಟ ಮನಿಯೋರು ಯಾರ ಮ್ಯಾಲ ಸಿಟ್ಟಾಗ್ತೀರಿ?”

ತಾಯಪ್ಪನಿಗೆ ಹೋದ ಜೀವ ಬಂತು. ಎಲ್ಲ ಮನೆಗೂ ಸಮನಾದ ಅವಕಾಶ ಸಿಗಬೇಕು, ಚೀಟಿ ಎತ್ತುವುದೂ ಒಳ್ಳೆಯ ವಿಧಾನವೇ ಎಂದು ಟಿ.ಬಿ. ಡ್ಯಾಮಿನಲ್ಲಿ ನಡೆದ ತರಬೇತಿಯಲ್ಲಿ ಸಮೀಕ್ಷೆಯ ಅಧಿಕಾರಿ ಸುಕನ್ಯಾ ಮೇಡಂ ಹೇಳಿದ್ದರು. ಇನ್ನೂರು ಚೀಟಿ ಗುಡಿಯ ಹರಿವಾಣಕ್ಕೆ ಬಿದ್ದವು. ಪೂಜಾರಿ ಕಣ್ಣು ಮುಚ್ಚಿ ಇಪ್ಪತ್ತು ಎತ್ತಿದ. ಊರೆಲ್ಲ ಕೈಮುಗಿಯಿತು.

ಮಧ್ಯಾಹ್ನ ಮೊದಲ ಮನೆಗೆ ಹೋದಾಗ ಅಂಗಳ ಸಾರಿಸಿ ರಂಗೋಲಿ ಹಾಕಿತ್ತು. ಮನೆಮಂದಿಯೆಲ್ಲ ತಲೆಗೆ ನೀರು ಹಾಕಿಕೊಂಡು ಕೂತಿದ್ದರು.

“ಇವತ್ತು ಎಷ್ಟು ಕೊಡ ಆತಕ್ಕಾ?”

“ಇಪ್ಪತ್ತೆರಡು. ದೇವ್ರು ಆರಿಸ್ಯಾನ, ಮೈಲಿಗಿ ಮನ್ಯಾಗ ನಿನ್ನ ಕುಂದರಸಾಕ ಆಗ್ತೈತೇನು? ಸುಳ್ಳೂ ಹೇಳಬಾರ್ದು.”

ಎರಡನೆಯ ಮನೆಯಲ್ಲಿ ಇಪ್ಪತ್ತೇಳು. ಚೀಟಿಯಲ್ಲಿ ಹೆಸರು ಬಂದಿದ್ದ ಗಾದಿಲಿಂಗಪ್ಪ ಎಮ್ಮೆಗಳಿಗೂ ಸ್ನಾನ ಮಾಡಿಸಿದ್ದ, ನಲವತ್ತೊಂದು. ತಾಯಪ್ಪ ಬರೆಯುವುದನ್ನು ನಿಲ್ಲಿಸಿ ಕೇಳಿದ.

“ಕಾಕಾ, ದಿನಾ ಹಿಂಗ ಬಳಸ್ತೀರೇನು?”

“ದಿನಾ ಎಂಟು ಸಿಕ್ರ ಪುಣ್ಯ. ನೀ ಇವತ್ತಿಂದು ಕೇಳಿದಿ, ಇವತ್ತಿಂದು ಹೇಳೀನಿ.”

ನಮೂನೆಯಲ್ಲಿ ನಿನ್ನೆಗೆ ಜಾಗವಿರಲಿಲ್ಲ. ಹೇಳಿದ್ದನ್ನು ಬರೆಯುವುದಷ್ಟೇ ಅವನ ಧರ್ಮ. ಆದರೆ ‘ಅನಿಸಿಕೆ’ ಎಂಬ ಕಡೆಯ ಖಾನೆಯಲ್ಲಿ ಇಪ್ಪತ್ತೂ ಸಲ ‘ನೀರು ಸಾಲದು’ ಎಂದು ಬರೆದ. ಮುಸ್ಸಂಜೆಗೆ ಮೊಬೈಲಿನಲ್ಲಿ ಎಲ್ಲವನ್ನೂ ಕಳಿಸಿದ. ಮೇಡಂ ಫೋನು ಮಾಡಿದರು.

“ತಾಯಪ್ಪ, ಸರಾಸರಿ ಇಪ್ಪತ್ತಾರು ಕೊಡ! ನಿಮ್ಮೂರಿಗೆ ಟ್ಯಾಂಕು ಬೇಕಾಗಿಲ್ಲ, ಪಟ್ಟಿಯಿಂದ ಹೆಸರು ತೆಗೆದಿದ್ದೀನಿ.”

“ಮೇಡಂ, ಕಡೀ ಖಾನಿ ನೋಡ್ರಿ, ಸಾಲದು ಅಂತ ಬರದೀನಿ.”

“ಅದು ಮಾತು. ಮಾತಿಗೆ ಸರಾಸರಿ ತೆಗೆಯೋಕೆ ಬರಲ್ಲಪ್ಪ. ಅಂಕಿ ಏನು ಹೇಳುತ್ತೋ ಅದೇ. ಚೀಟಿ ಎತ್ತಿದ್ದು ಮಾತ್ರ ಬಹಳ ಚೆನ್ನಾಗಿದೆ.”

ಬತ್ತಿದ ಊರಿನಲ್ಲಿ ಇಷ್ಟು ನೀರು ಎಲ್ಲಿಂದ ಬಂತೆಂಬುದೇ ಅವನಿಗೆ ತಿಳಿಯಲಿಲ್ಲ. ಒಣಗಿದ ಗಂಟಲಲ್ಲಿ ಮನೆಗೆ ಬಂದು ಕೊಡಕ್ಕೆ ಚೊಂಬು ಇಳಿಸಿದ. ಚೊಂಬು ತಳಕ್ಕೆ ಬಡಿದು ಠಣ್ ಎಂದಿತು.

“ಯವ್ವಾ, ನೀರು?”

ತಾಯಿ ಜಂಬವ್ವ ಶಾಂತವಾಗಿ ಹೇಳಿದಳು: “ಚೀಟಿ ಬಂದ ಮನಿಯೋರು ಕೇಳಾಕ ಬಂದಿದ್ರು. ದೇವ್ರ ಕೆಲಸಕ್ಕ ಇಲ್ಲ ಅನ್ನಾಕ ಬರ್ತೈತೇನು? ಮನಿಗೆ ಎರಡೆರಡು ಕೊಡ ನೀರು ಉಳದ ನೂರೆಂಬತ್ತು ಮನಿಯೋರೂ ಕೊಟ್ಟೀವಿ.”

ತಾಯಪ್ಪ ಗೋಡೆಗೆ ಒರಗಿ ಕೂತ. ಆಕೆ ಮಗನ ತಲೆ ನೇವರಿಸಿದಳು.

“ಸಪ್ಪಗಾಗಬ್ಯಾಡ ಮಗಾ. ಮುಂದಿನ ಸಲ ನಮ್ಮನಿ ಚೀಟಿ ಬಂದ್ರ ಜಲ್ದಿ ಹೇಳು. ನಾವೂ ಊರೆಲ್ಲಾ ಕೇಳಿ ತಂದು ಐವತ್ತು ಕೊಡ ಬರಸೋಣ.”