ಸೆವಾಲು ದೊಡ್ಡಪ್ಪ ತಂದ ಬಂಡವಾಳ

ಸತ್ತವರಿಗೆ ಸಲೀಸಾಗಿ ಸಿಗುವ ಹಣ ಬದುಕಿರುವವನಿಗೆ ಏಕೆ ಸಿಗುವುದಿಲ್ಲ ಎಂಬುದು ಸವಾಯಿ ದ್ವೀಪದ ಎಲಿಸಾರನ ಹಳೆಯ ದೂರು. ಸಮೋವಾದಲ್ಲಿ ಒಬ್ಬರು ಕಣ್ಣು ಮುಚ್ಚಿದರೆ ಸಾಕು, ಆಕ್ಲೆಂಡಿನಿಂದ, ಸಿಡ್ನಿಯಿಂದ ನೆಂಟರು ವಿಮಾನ ಹತ್ತುತ್ತಾರೆ. ನೋಟಿನ ಕಟ್ಟು, ಕಾಣಿಕೆಯ ನಯವಾದ ಚಾಪೆ, ಡಬ್ಬಿ ಮೀನಿನ ಪೆಟ್ಟಿಗೆಗಳು ಬಂದು ಬೀಳುತ್ತವೆ. ಅದೇ ನೆಂಟರಿಗೆ ಎಲಿಸಾರ ಫೋನು ಮಾಡಿ, "ನಮ್ಮ ಕಡಲ ದಂಡೆಯಲ್ಲಿ ಪ್ರವಾಸಿಗಳಿಗೆ ಹತ್ತು ಗುಡಿಸಲು ಕಟ್ತೀನಿ, ಬಂಡವಾಳ ಹಾಕಿ" ಎಂದನೋ, ಆ ಕಡೆ ಗಾಳಿ ಎದ್ದು ಲೈನು ಕೆಟ್ಟುಹೋಗುತ್ತಿತ್ತು. (ಆಕ್ಲೆಂಡಿನಲ್ಲಿ ಅಷ್ಟೊಂದು ಬಿರುಗಾಳಿ ಬೀಸುವ ಸಂಗತಿ ಅಲ್ಲಿನ ಹವಾಮಾನ ಇಲಾಖೆಗೂ ತಿಳಿದಿರಲಾರದು.)

ಬ್ಯಾಂಕಿನವರು ಬಾಗಿಲಲ್ಲೇ ಕೈಮುಗಿದಿದ್ದರು. ನೆಲ ಕುಲದ್ದು, ಮಾರುವಂತಿಲ್ಲ, ಅಡವಿಡುವಂತಿಲ್ಲ. ಉಳಿದದ್ದು ಖಾಸಗಿ ಬಂಡವಾಳವೊಂದೇ. ಹಡಗುಕಟ್ಟೆಯ ಟಿಕೆಟ್ ಕಿಟಕಿಯ ಕೆಲಸ ಹೋದಂದಿನಿಂದ ಎಲಿಸಾರ ಅದನ್ನೇ ಜಪಿಸುತ್ತಿದ್ದ.

"ಒಂದೊಂದು ಗುಡಿಸಲಿಗೂ ಇಷ್ಟಿಷ್ಟು ಷೇರು ಅಂತ ಮಾಡಿದ್ರೆ..." ಎಂದು ಒಂದು ಶನಿವಾರ ಹೆಂಡತಿ ಸಿಯೆನಿಯ ಮುಂದೆ ಶುರುಮಾಡಿದ.

ಸಿಯೆನಿ ತೆಂಗಿನಕಾಯಿ ತುರಿಯುವುದನ್ನು ನಿಲ್ಲಿಸಲಿಲ್ಲ. "ಷೇರು ಆಮೇಲಾಗ್ಲಿ. ಮನೇಲಿ ಒಂದು ಸೇರು ಅಕ್ಕಿ ಇಲ್ಲ."

"ನಿಂಗೆ ಅರ್ಥ ಆಗಲ್ಲ ಕಣೇ. ಇದು ಹೂಡಿಕೆ!"

"ಹೂಡು, ಬೇಡ ಅಂದೋರ್ಯಾರು? ನಾಳೆ ಭಾನುವಾರದ ಊಟ ಬೇಯಿಸ್ಬೇಕು. ಕಲ್ಲೊಲೆ ಹೂಡೋದು ಗಂಡಸರ ಕೆಲ್ಸ. ಅಲ್ಲಿಂದಲೇ ಶುರುಮಾಡು."

ಇಡೀ ದ್ವೀಪದಲ್ಲಿ ಎಲಿಸಾರನ ಗುಡಿಸಲುಗಳನ್ನು ನಂಬಿದವರು ಒಬ್ಬರೇ: ಅವನ ದೊಡ್ಡಪ್ಪ. ಅವರು ಕುಲದ ಯಜಮಾನರು. ಸೆವಾಲು ಎಂಬುದು ಆ ಯಜಮಾನಿಕೆಯ ಪಟ್ಟದ ಹೆಸರು. ಅವರ ಸ್ವಂತ ಹೆಸರು ಏನಿತ್ತೆಂಬುದು ಊರಿಗೇ ಮರೆತುಹೋಗಿತ್ತು. ಎಲಿಸಾರನ ಅಪ್ಪ ಮೀನಿಗೆ ಹೋದವನು ಮರಳದಿದ್ದಾಗ, ಮಗುವನ್ನು ಎತ್ತಿಕೊಂಡು ಬಂದು ಸಾಕಿದವರು ಅವರೇ. ಕೈಗೆ ಬಂದಿದ್ದ ಕೊನೆಯ ಸಂಬಳದಲ್ಲಿ ಎಲಿಸಾರ ಸಿಮೆಂಟು, ಕಂಬ, ಬಚ್ಚಲಿಗೆಂದು ನೀಲಿ ಹೆಂಚುಬಿಲ್ಲೆಗಳನ್ನು ತಂದು ರಾಶಿ ಹಾಕಿದಾಗ ಊರೆಲ್ಲ ನಕ್ಕಿತು. ದೊಡ್ಡಪ್ಪ ಮಾತ್ರ ಸಂಜೆ ಸಂಜೆ ಕೋಲೂರಿಕೊಂಡು ಬಂದು ತಪಾಸಣೆ ನಡೆಸುತ್ತಿದ್ದರು.

"ಆ ಮೂಲೆ ಗುಡಿಸಲು ನಂಗಿರಲಿ. ಬಾಡಿಗೆ ಗೀಡಿಗೆ ಕೇಳ್ಬೇಡ ಮತ್ತೆ."

"ನೀವೇ ಮೊದಲ್ನೇ ಗಿರಾಕಿ ದೊಡ್ಡಪ್ಪ. ಆದ್ರೆ ಬಂಡವಾಳ?"

"ಅದರ ಚಿಂತೆ ಬಿಡೋ. ಕ್ರಿಸ್ಮಸ್‌ಗೆ ಎಲ್ಲರನ್ನೂ ಕರೆಸ್ತೀನಿ. ನಾನು ಕರೆದ್ರೆ ಬರದೆ ಎಲ್ಲಿಗೆ ಹೋಗ್ತಾರೆ?"

ಕ್ರಿಸ್ಮಸ್‌ವರೆಗೆ ಅವರು ಕಾಯಲಿಲ್ಲ. ಒಂದು ಬೆಳಗ್ಗೆ ಎಲಿಸಾರ ಹೋದಾಗ ಅವರು ಕಂಬಕ್ಕೊರಗಿ ಚಾಪೆಯ ಮೇಲೆ ಕುಳಿತಿದ್ದರು. ಪಕ್ಕದಲ್ಲಿ ಕೋಕೋ ಬಟ್ಟಲಿನಿಂದ ಇನ್ನೂ ಹಬೆ ಏಳುತ್ತಿತ್ತು. "ಕೋಕೋ ಆರಿಹೋಗ್ತದೆ ದೊಡ್ಡಪ್ಪ" ಎಂದ. ಮತ್ತೊಮ್ಮೆ ಅಂದ. ಆಮೇಲೆ ಬಟ್ಟಲನ್ನು ದೂರ ಸರಿಸಿ, ಅವರ ಪಕ್ಕದಲ್ಲೇ ಕುಳಿತುಬಿಟ್ಟ. ಸಿಯೆನಿ ಹುಡುಕಿಕೊಂಡು ಬರುವವರೆಗೂ ಏಳಲಿಲ್ಲ.

ಅವರು ಹೇಳಿದಂತೆಯೇ ಎಲ್ಲರೂ ಬಂದರು. ಯಾರ ಲೈನು ಸದಾ ಕೆಟ್ಟಿರುತ್ತಿತ್ತೋ ಆ ಆಕ್ಲೆಂಡಿನ ನೋಫೋ ಅಕ್ಕ ವಿಮಾನ ಇಳಿದು, ದ್ವೀಪಕ್ಕೆ ಬರುವ ಮೊದಲ ಹಡಗಿನಲ್ಲೇ ಬಂದಿಳಿದಳು. ಅಲ್ಲಿ ಕಚೇರಿಗಳನ್ನು ಶುಚಿ ಮಾಡಿಸುವ ಕಂಪನಿ ನಡೆಸುವ ಈ ದೊಡ್ಡಪ್ಪನ ಮಗಳು ಎಲಿಸಾರನನ್ನು ತಬ್ಬಿ ಅತ್ತ ಅಳುವಿಗೆ ಅವನ ಅಂಗಿಯ ಹೆಗಲು ನೆನೆಯಿತು. ಅವಳ ಹಿಂದೆ ಹಣ ಬಂತು, ಹಂದಿಗಳು ಬಂದವು, ಚಾಪೆಗಳು ಬಂದವು. ಮನೆಮಗನಾಗಿ ಎಲ್ಲವನ್ನೂ ಸ್ವೀಕರಿಸುವ ಭಾರ ಎಲಿಸಾರನದು. ಹಾಗೆಯೇ ಹಂಚುವ ಭಾರವೂ. ಪಾದ್ರಿಗಳಿಗಿಷ್ಟು, ಹೊಗಳಿ ಮಾತಾಡಿದ ವಾಗ್ಮಿಗಳಿಗಿಷ್ಟು, ದೂರದಿಂದ ಬಂದವರಿಗೆ ದೂರಕ್ಕೆ ತಕ್ಕಷ್ಟು. ಅವನು ಕನಸಿನಲ್ಲೂ ಕಾಣದಷ್ಟು ಬಂಡವಾಳ ಬಲಗೈಗೆ ಬಂದು ಎಡಗೈಯಿಂದ ಹೊರಟುಹೋಯಿತು. ಸಾಲದೆಂದು ಅವನ ಎರಡು ಹಂದಿಗಳೂ ಹಿಂಬಾಲಿಸಿದವು. ಗುಡಿಸಲಿಗೆಂದು ತಂದ ಕಂಬಗಳು ಚಪ್ಪರವಾದವು.

"ಈ ಸಿಮೆಂಟು ಯಾರದು?" ಎಂದಳು ನೋಫೋ.

ಎಲಿಸಾರ ಹೆಂಡತಿಯ ಮುಖ ನೋಡಿದ. ಸಿಯೆನಿ ತಲೆ ತಗ್ಗಿಸಿದಳು. "ದೊಡ್ಡಪ್ಪಂದೇ ಅಕ್ಕ" ಎಂದ.

ಮನೆಯ ಮುಂದೆ, ಕಡಲಿಗೆ ಮುಖಮಾಡಿ ಸಮಾಧಿ ಎದ್ದಿತು. ನೀಲಿ ಬಿಲ್ಲೆಗಳನ್ನು ಎಲಿಸಾರನೇ ಕೂರಿಸಿದ. ಒಂದು ಸೊಟ್ಟಗೆ ಕೂತಿದೆಯೆಂದು ಕಿತ್ತ, ಮತ್ತೆ ಕೂರಿಸಿದ, ಮತ್ತೆ ಕಿತ್ತ. "ನೆಟ್ಟಗಿದೆ ಕಣೋ, ಬಿಡು" ಎಂದು ಸಿಯೆನಿ ಅವನ ಕೈ ಹಿಡಿದುಕೊಂಡಳು.

ಹೊರಡುವ ಮುನ್ನ ಕುಲದವರೆಲ್ಲ ಸಭೆ ಸೇರಿದರು. ನೋಫೋ ಗಂಟಲು ಸರಿಮಾಡಿಕೊಂಡಳು. "ಎಲಿಸಾರ, ನಿನ್ನನ್ನ ನಾವು ಹಗುರಾಗಿ ಕಂಡಿದ್ವಿ. ಈಗ ಕಣ್ಣಾರೆ ನೋಡಿದ್ವಿ. ನಿನ್ನಂಥವನ ಕೈಗೆ ಏನು ಬೇಕಾದ್ರೂ ಒಪ್ಪಿಸಬಹುದು."

ಎಲಿಸಾರ ನೆಟ್ಟಗೆ ಕುಳಿತ. ಗೋಡೆಗೊರಗಿದ್ದ ಸಿಯೆನಿಯತ್ತ 'ನೋಡಿದೆಯಾ?' ಎಂಬಂತೆ ಹುಬ್ಬು ಹಾರಿಸಿದ. "ಅಕ್ಕ, ಮೊದಲು ಐದು ಗುಡಿಸಲು ಸಾಕು..."

"ಎಲ್ಲರದೂ ಒಂದೇ ಮಾತು" ಎಂದಳು ನೋಫೋ. "ಇವತ್ತಿನಿಂದ ನೀನೇ ಸೆವಾಲು."

ಎಲ್ಲರೂ ಚಪ್ಪಾಳೆ ತಟ್ಟಿದರು. ಸಿಯೆನಿ ಮಾತ್ರ ತಲೆಯ ಮೇಲೆ ಕೈ ಹೊತ್ತುಕೊಂಡಳು. ಕುಲದಲ್ಲಿ ಯಾರು ಹುಟ್ಟಲಿ, ಯಾರು ಸಾಯಲಿ, ಇಗರ್ಜಿಯ ಮಾಡು ಸೋರಲಿ, ಮೊದಲು ಜೇಬಿಗೆ ಇಳಿಯಬೇಕಾದ ಕೈ ಸೆವಾಲುವಿನದು. (ಪಟ್ಟದ ಔತಣವೂ ಪಟ್ಟವೇರಿದವನ ಖರ್ಚಿನಲ್ಲೇ.)

ಹಡಗುಕಟ್ಟೆಯಲ್ಲಿ ಕೊನೆಯ ಪ್ರಯತ್ನವೆಂಬಂತೆ ಎಲಿಸಾರ ಪಿಸುಗುಟ್ಟಿದ: "ಅಕ್ಕ, ಆ ಬಂಡವಾಳದ ವಿಷಯ..."

ನೋಫೋ ಹೌಹಾರಿದಳು. "ಅಯ್ಯೋ, ತಾವು ಹಾಗನ್ನಬಾರದು! ಸೆವಾಲು ಆದವರು ಕೇಳೋದುಂಟೇ? ಕೊಡೋದು!" ಎಂದು ಬಾಗಿ ನಮಸ್ಕರಿಸಿ ಹಡಗು ಹತ್ತಿದಳು. ಅಂತೂ ಖಾಸಗಿ ಬಂಡವಾಳ ಎತ್ತಲು ಹೊರಟವನು ತಾನೇ ಇಡೀ ಕುಲದ ಖಾಸಗಿ ಬಂಡವಾಳವಾಗಿ ಮನೆಗೆ ಮರಳಿದ.

ಆ ಸಂಜೆ ಅವನು ಖಾಲಿ ದಂಡೆಯಲ್ಲಿ ಅಲೆಗಳನ್ನು ನೋಡುತ್ತ ಕುಳಿತಿದ್ದ. ದಿನವೂ "ಎಲೀ, ಬಾರೋ" ಎಂದು ಕಿರುಚುವ ಸಿಯೆನಿಗೆ ಗಂಡನನ್ನು ಒಂದಿಷ್ಟು ನಗಿಸೋಣ ಅನ್ನಿಸಿತು. ದೊಡ್ಡವರನ್ನು ಕರೆಯುವ ಗತ್ತಿನಲ್ಲಿ ಮೆಟ್ಟಿಲಿನಿಂದಲೇ ಕೂಗಿದಳು: "ಸೆವಾಲು ಅವರು ಊಟಕ್ಕೆ ದಯಮಾಡಿಸಬೇಕು!"

ಎಲಿಸಾರ ದಡಕ್ಕನೆ ಎದ್ದ. ಲುಂಗಿ ಸರಿಮಾಡಿಕೊಂಡ. ದೊಡ್ಡಪ್ಪ ಯಾವ ಕಡೆಯಿಂದ ಬರುತ್ತಿದ್ದಾರೆಂದು ತಿರುಗಿ ನೋಡಿದ.